ಮೂರು ಪರದೆ, ಎರಡು ಕಣ್ಣು

ಮಾರ್ಚ್ ೩, ಸೋಮವಾರ

ಮ್ಯಾನೇಜರು ಇವತ್ತು ಓದುವ ವಿಭಾಗದ ಸಭೆ ಕರೆದರು. ಓದುವ ವಿಭಾಗದಲ್ಲಿ ಉಳಿದಿರುವವಳು ನಾನೊಬ್ಬಳೇ. ಆದರೂ ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಈ ಮೂಲೆಯಿಂದ ಆ ಮೂಲೆಗೆ ಕಣ್ಣಾಡಿಸುತ್ತಾ ಮಾತಾಡಿದರು. ನಾನೂ ನಾಲ್ಕು ಜನರ ಪರವಾಗಿ ತಲೆಯಾಡಿಸಿ ಕತ್ತು ನೋಯಿಸಿಕೊಂಡೆ.

ವಿಷಯ ಇಷ್ಟು: ಇನ್ನು ಮೇಲೆ ಕಾಗದದ ಮೇಲೆ ಓದುವುದು ಬಂದ್. ಔಷಧದ ಡಬ್ಬಿಯೊಳಗೆ ಮಡಚಿ ಇಟ್ಟಿರುತ್ತಾರಲ್ಲ, ಯಾರೂ ಬಿಚ್ಚಿ ನೋಡದ ಚೀಟಿ, ಅದನ್ನು ಅಚ್ಚು ಹಾಕುವ ಮುದ್ರಣಾಲಯ ನಮ್ಮದು. ಅಚ್ಚಿಗೆ ಹೋಗುವ ಮುಂಚೆ ತಪ್ಪು ಹಿಡಿಯುವುದು ನನ್ನ ಕೆಲಸ. ಇಪ್ಪತ್ತೊಂದು ವರ್ಷ ಇದನ್ನು ಇಬ್ಬರು ಕೂತು ಮಾಡಿದೆವು. ನನ್ನ ಜೊತೆಯ ಅಕ್ಕ ಕಂಪನಿ ಕಳಿಸಿದ ಮೂಲ ಪ್ರತಿಯನ್ನು ಚುಕ್ಕೆ, ಗೆರೆ ಒಂದೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು. ನಾನು ನಮ್ಮ ಪ್ರತಿಯ ಮೇಲೆ ಅಳತೆಪಟ್ಟಿ ಇಟ್ಟು ಸಾಲು ಸಾಲೇ ಹಿಂಬಾಲಿಸುತ್ತಿದ್ದೆ. ಕೊನೆಗೆ ‘ಓದಿದೆ, ಸರಿಯಿದೆ’ ಎಂದು ಬರೆದು ನನ್ನ ಸಹಿ. ದೇವರನ್ನು ಮನಸ್ಸಿನಲ್ಲಿ ನೆನೆಯದೆ ಆ ಸಹಿಯನ್ನು ನಾನು ಒಂದು ದಿನವೂ ಹಾಕಿದವಳಲ್ಲ. ಯಾರದೋ ಮಗು ಕುಡಿಯುವ ಔಷಧ.

ಅಕ್ಕ ಹೋದ ತಿಂಗಳು ನಿವೃತ್ತಿಯಾಗಿ ಮಗಳ ಮನೆಗೆ ಹೋದರು. ಆ ಜಾಗಕ್ಕೆ ಯಾರೂ ಬರುವುದಿಲ್ಲವಂತೆ. ಪರದೆಯ ಎಡಗಡೆ ಮೂಲ, ಬಲಗಡೆ ನಮ್ಮದು, ಎರಡನ್ನೂ ನಾನೇ ನೋಡಿಕೊಳ್ಳಬೇಕಂತೆ.

“ಕಣ್ಣಿಗೆ ಹಿತವಾದ ಲ್ಯಾಪ್‌ಟಾಪು ನೀವೇ ಆರಿಸ್ಕೊಳಿ ಅಮ್ಮಾ. ಅಂಗಡಿಯವರು ವಾರಕ್ಕೊಂದರ ಹಾಗೆ ನೋಡೋಕೆ ಕೊಡ್ತಾರೆ. ತಿಂಗಳ ಕೊನೆಗೆ ಇದು ಅಂತ ಹೇಳಿ. ಯಾವುದೂ ಒಗ್ಗಲಿಲ್ಲ ಅಂದ್ರೆ...” ಅಲ್ಲಿಗೇ ನಿಲ್ಲಿಸಿ, ಗಾಜಿನಾಚೆ ಮಡಚುವ ವಿಭಾಗದ ಕಡೆ ನೋಡಿದರು.

ನಾನು ಕೆಲಸಕ್ಕೆ ಸೇರಿದ್ದು ಆ ಮಡಚುವ ವಿಭಾಗಕ್ಕೇ. ಯಾರೋ ರಜೆ ಹಾಕಿದ ದಿನ ಅಕ್ಕ “ಸುಮ್ನೆ ಸಾಲಿನ ಮೇಲೆ ಬೆರಳಿಟ್ಕೊಂಡು ಬಾ” ಎಂದು ಕರೆದರು. ಒಂದು ಗಂಟೆಯಲ್ಲಿ ಎರಡು ತಪ್ಪು ಹಿಡಿದೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಮಾಡಿದವಳು ದೊಡ್ಡ ದೊಡ್ಡವರ ತಪ್ಪು ಹಿಡಿಯುತ್ತಾಳೆ ಎಂದು ಅವತ್ತಿನಿಂದ ನನಗೆ ಸ್ವಲ್ಪ ಜಂಬ. ದೇವರು ಕ್ಷಮಿಸಲಿ. ಸ್ವಲ್ಪ ಅಲ್ಲ.

ಮಾರ್ಚ್ ೫, ಬುಧವಾರ

ಲ್ಯಾಪ್‌ಟಾಪಿನ ಅಂಗಡಿಗೆ ಹೋದೆ. ಸಾಲಾಗಿ ಬಾಯಿ ತೆರೆದು ಕೂತಿವೆ, ಹಲ್ಲಿನ ಡಾಕ್ಟರ ಹತ್ತಿರ ಕೂತವರ ಹಾಗೆ.

“ಏನು ಕೆಲಸಕ್ಕೆ ಮೇಡಂ?” ಎಂದರು ಅಂಗಡಿಯವರು.

“ಓದೋಕೆ.”

“ಏನೇನು ಓದ್ತೀರಿ?”

“ಭೇದಿ, ವಾಂತಿ, ತಲೆಸುತ್ತು, ಮೈಮೇಲೆ ಗಂದೆ.”

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ವಿವರಿಸಿದೆ.

ನಾನು ಮೋಸಹೋಗುವವಳಲ್ಲ. ಪರೀಕ್ಷೆ ಮಾಡಲೆಂದೇ ಕೆಮ್ಮಿನ ಔಷಧದ ಚೀಟಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋಗಿದ್ದೆ. ಹಾಕಿಕೊಟ್ಟವಳು ನಮ್ಮಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಹುಡುಗಿ. ಬಹಳ ಚುರುಕು, ಮಾತು ಇನ್ನೂ ಚುರುಕು, ಅದಕ್ಕೆ ಎಲ್ಲರೂ ಚುರುಕಿ ಎನ್ನುತ್ತಾರೆ. ಆ ಚೀಟಿಯ ಅಕ್ಷರ ಇರುವೆಯ ತಲೆಯಷ್ಟು. ಪರದೆಯ ಮೇಲೆ ತೆಗೆಸಿ, ಮೊದಲಿಂದ ಕೊನೆಯವರೆಗೆ ಗಡಗಡ ಓದಿಬಿಟ್ಟೆ. ಅಂಗಡಿಯವರು ಬಾಯಿ ಬಿಟ್ಟರು. “ಈ ವಯಸ್ಸಲ್ಲಿ ಇಂಥ ಕಣ್ಣು!”

ಅದೇ ಮೊದಲನೆಯದು, ಕನ್ನಡಿಯ ಹಾಗೆ ಹೊಳೆಯುವುದು, ಆಫೀಸಿಗೆ ಬಂತು.

ಮಾರ್ಚ್ ೧೦, ಸೋಮವಾರ

ಕನ್ನಡಿಯ ಹಾಗೆ ಎಂದು ಬರೆದಿದ್ದೆನಲ್ಲ, ಅದು ಕನ್ನಡಿಯೇ. ಬೆನ್ನ ಹಿಂದೆ ಇಡೀ ಆಫೀಸು ಕಾಣುತ್ತದೆ. ಊಟವಾದ ಮೇಲೆ ಯಾರು ಯಾರು ತೂಕಡಿಸುತ್ತಾರೆ ಎಂದು ಒಂದೇ ವಾರದಲ್ಲಿ ತಿಳಿದುಕೊಂಡೆ. ಚೀಟಿ ಮಾತ್ರ ಕಾಣಲೊಲ್ಲದು. ಒಂದೊಂದು ಅಕ್ಷರಕ್ಕೂ ಹಿಂದೆ ಒಂದು ಪ್ರಭೆ, ಸಂತರ ಚಿತ್ರಗಳಲ್ಲಿ ಇರುತ್ತದಲ್ಲ, ಹಾಗೆ. ನಂಜಿನ ಔಷಧಕ್ಕೆ ಇಷ್ಟು ಪ್ರಭೆ ಯಾಕೆ?

ಮೇಜು ತಿರುಗಿಸಿದೆ. ಕಿಟಕಿಗೆ ಕಾಗದ ಅಂಟಿಸಿದೆ. ಕೊನೆಗೆ ಶಾಲು ಹೊದ್ದು, ಪರದೆಗೂ ಅದೇ ಶಾಲು ಹೊದಿಸಿ ಓದಿದೆ. ಚುರುಕಿ ಬಗ್ಗಿ ಒಳಗೆ ಇಣುಕಿ, “ಅಮ್ಮಾ, ಆವಿ ತಗೋತಾ ಇದೀರಾ?” ಎಂದಳು. ಶಾಲು ಇನ್ನಷ್ಟು ಬಿಗಿದುಕೊಂಡೆ. ಈ ಕಾಲದವರಿಗೆ ಶ್ರದ್ಧೆ ಅಂದರೆ ತಮಾಷೆ.

ಈ ಬಾರಿಯ ದಿನಚರಿ ಪುಸ್ತಕ ಬೇಗ ತುಂಬುತ್ತಿದೆ. ಪುಟಕ್ಕೆ ಇಪ್ಪತ್ತು ಸಾಲು ಹಿಡಿಸುತ್ತಿತ್ತು, ಈಗ ಹನ್ನೊಂದು. ಪುಸ್ತಕದವರೂ ಹಾಳೆಯ ಅಳತೆ ಕಡಿಮೆ ಮಾಡಿಬಿಟ್ಟಿದ್ದಾರೆ.

ಮಾರ್ಚ್ ೧೨, ಬುಧವಾರ

ಮನೆಯವರ ಕಾಟಕ್ಕೆ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ಮನೆಯವರು ಬೀಗ ರಿಪೇರಿ ಮಾಡುವವರು. ಯಾವುದು ಕೆಟ್ಟರೂ ಬಿಚ್ಚಿ ನೋಡಬೇಕು ಎನ್ನುವ ಜಾತಿ. “ಪರದೆ ಬದಲಾಯಿಸೋ ಮುಂಚೆ ಕಣ್ಣು ತೋರಿಸೇ” ಎಂದು ಮೂರು ದಿನದಿಂದ ಒಂದೇ ಸಮ.

ಅಲ್ಲಿ ಸಣ್ಣ ಜಾಗ, ಪರದೆಬಟ್ಟೆಯ ಆಚೆಯೇ ಪರೀಕ್ಷೆ. ನನ್ನ ಮುಂದೆ ಒಂಬತ್ತು ಜನ. ಒಬ್ಬೊಬ್ಬರೂ ಗೋಡೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವುದು, ತಪ್ಪುವುದು, ಡಾಕ್ಟರಮ್ಮ ತಿದ್ದುವುದು, ಎಲ್ಲ ಕಿವಿಗೆ ಬೀಳುತ್ತಿತ್ತು. ಕೇಳಿ ಕೇಳಿ ನನಗೇ ಬೇಜಾರಾಯಿತು: ನಾಲ್ಕನೇ ಸಾಲಿನ ಮೂರನೆಯದನ್ನು ಒಬ್ಬರಾದರೂ ಸರಿ ಹೇಳಬಾರದೇ!

ನನ್ನ ಸರದಿ ಬಂದಾಗ ಕೊನೆಯ ಸಾಲಿನವರೆಗೂ ಎಡವದೆ ಒಪ್ಪಿಸಿದೆ. ಡಾಕ್ಟರಮ್ಮನಿಗೂ ಊಟದ ಹೊತ್ತು ಮೀರಿತ್ತು. “ಭೇಷ್” ಎಂದರು, ಕಣ್ಣು ತಣ್ಣಗಿರಲಿ ಎಂದು ಹನಿ ಬರೆದುಕೊಟ್ಟರು. ದೇವರು ದೊಡ್ಡವನು. ದೋಷ ಪರದೆಯದೇ ಎಂದು ಈಗ ಡಾಕ್ಟರ ಬಾಯಿಂದಲೇ ಬಂದಂತಾಯಿತು.

ಮನೆಯವರಿಗೆ ಹೇಳಿದೆ. “ಹಾಗಾದ್ರೆ ನಿನ್ನೆ ನೀನು ನಮಸ್ಕಾರ ಮಾಡಿದ್ದು ಪಕ್ಕದ ಮನೆಯವರಿಗಲ್ಲ, ಅವರು ಒಣಹಾಕಿದ್ದ ಕೋಟಿಗೆ. ಅದು ಗೊತ್ತಾ?” ಎಂದರು. ವಿನಯ ಇದ್ದರೆ ಕೋಟಿಗೂ ಮಾಡುತ್ತಾರೆ.

ಮಾರ್ಚ್ ೧೭, ಸೋಮವಾರ

ಎರಡನೇ ಪರದೆ. ಇದು ಹೊಳೆಯುವುದಿಲ್ಲ, ಸೀಮೆಸುಣ್ಣ ಒರೆಸಿದ ಹಲಗೆಯ ಹಾಗೆ ಮಬ್ಬು. “ಕಣ್ಣಿಗೆ ಇದರಷ್ಟು ತಂಪು ಇನ್ನೊಂದಿಲ್ಲ” ಎಂದಿದ್ದರು ಅಂಗಡಿಯವರು. ತಂಪೇ, ಸುಳ್ಳಲ್ಲ. ಇಬ್ಬನಿ ಬಿದ್ದ ಹಾಗಿದೆ. ಇಬ್ಬನಿಯಲ್ಲಿ ಯಾರು ಓದುತ್ತಾರೆ?

ಅಂಗಡಿಯಲ್ಲಿ ಮಾತ್ರ ಇದರ ಮೇಲೂ ಕೆಮ್ಮಿನ ಔಷಧವನ್ನು ನೀರು ಕುಡಿದ ಹಾಗೆ ಓದಿದ್ದೆ. ಆಫೀಸಿಗೆ ಬಂದ ಕೂಡಲೇ ಯಂತ್ರದ ಬುದ್ಧಿ ಬದಲಾಗುತ್ತದೆ. ಹೊಸ ಚೀಟಿ ಬಂದರೆ ಎರಡು ಗಂಟೆ, ಕಣ್ಣಲ್ಲಿ ನೀರು, ಹುಬ್ಬಿನ ಮೇಲೆ ಸುತ್ತಿಗೆ ಏಟು. ಹಳೆಯ ಚೀಟಿಯಾದರೆ ಹತ್ತೇ ನಿಮಿಷ. ಹಳೆಯ ಔಷಧಗಳೇ ಒಳ್ಳೆಯವು.

ಚುರುಕಿ ಬಂದು ಏನೋ ಒತ್ತಿ ಪರದೆಯನ್ನು ಹಳದಿ ಮಾಡಿಕೊಟ್ಟಳು. ಬೆಳಕಿನ ನೀಲಿ ಅಂಶ ತೆಗೆದರೆ ಕಣ್ಣಿಗೆ ಆರಾಮವಂತೆ. ಈಗ ಚಹಾ ಚೆಲ್ಲಿದ ಇಬ್ಬನಿ.

“ಅಕ್ಷರ ದೊಡ್ಡದು ಮಾಡ್ಲಾ ಅಮ್ಮಾ?”

“ಬೇಡ. ಅಚ್ಚಾಗೋ ಅಳತೇಲೇ ಓದ್ಬೇಕು. ಅದು ಕ್ರಮ.”

“ಕ್ರಮ ಸರಿ. ಆದ್ರೆ ನಿಮ್ಮ ಮೂಗು ಪರದೆಗೆ ತಾಗಿ ಪುಟ ತಾನೇ ಕೆಳಗೆ ಹೋಗ್ತಿದೆ.”

ಇದು ಬೆರಳಿನಲ್ಲೂ ನಡೆಯುವ ಪರದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಾರ್ಚ್ ೨೪, ಸೋಮವಾರ

ಸಿಕ್ಕಿತು! ಮೂರನೆಯದು. ಅಗಲವಾಗಿದೆ, ಕಾಗದದಂಥ ಬಿಳುಪು, ಹೊಳಪಿಲ್ಲ, ಮಬ್ಬಿಲ್ಲ. ಬೆಳಿಗ್ಗೆ ಅದರ ಮೇಲೆ ಮೊದಲು ಬಂದದ್ದೇ ಮಕ್ಕಳ ಜ್ವರದ ಸಿರಪ್ಪಿನ ಚೀಟಿ. ಇಪ್ಪತ್ತೊಂದು ವರ್ಷದಿಂದ ನೋಡುತ್ತಿರುವ ಚೀಟಿ, ಅಕ್ಕನ ದನಿ ಇನ್ನೂ ಕಿವಿಯಲ್ಲಿದೆ. ಒಂದು ಕಡೆಯೂ ನಿಲ್ಲದೆ ಎಂಟು ನಿಮಿಷದಲ್ಲಿ ಮುಗಿಸಿದೆ. ತಲೆನೋವಿಲ್ಲ, ನೀರಿಲ್ಲ. ‘ಓದಿದೆ, ಸರಿಯಿದೆ.’

ಮ್ಯಾನೇಜರ ಹತ್ತಿರ ಹೋಗಿ “ಇದೇ ಸಾರ್” ಎಂದೆ. ಅಂಗಡಿಯವರು ಫೋನಿನಲ್ಲೇ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಮಡಚುವ ವಿಭಾಗದವರಿಗೆ ಗಾಜಿನಾಚೆಯಿಂದ ಕೈಬೀಸಿದೆ. ಯಾರಿಗೆ ಬೀಸಿದೆನೋ ತಿಳಿಯದು, ಯಾರೋ ತಿರುಗಿ ಬೀಸಿದರು.

ಮಾರ್ಚ್ ೨೬, ಬುಧವಾರ

ಚುರುಕಿ ಊಟದ ಹೊತ್ತಿಗೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು. ಮುಖ ಬಿಳಿಚಿತ್ತು.

“ಅಮ್ಮಾ, ಜ್ವರದ ಸಿರಪ್ಪು. ಕಂಪನಿಯವರು ಈ ಸಲ ಔಷಧದ ಶಕ್ತಿ ಎರಡರಷ್ಟು ಮಾಡಿದಾರೆ. ಅದಕ್ಕೆ ಕೊಡೋದು ಅರ್ಧ. ಮೂಲದಲ್ಲಿ ಎರಡೂವರೆ ಮಿಲಿ ಅಂತಿದೆ. ನಾನು ಹಳೇ ಪುಟದ ಮೇಲೇ ಕಟ್ಟಿದ್ದೆ, ಐದು ಹಾಗೇ ಉಳ್ಕೊಂಡಿತ್ತು.”

“ನಾನು ನೋಡಿದೆನಲ್ಲ.”

“ನೋಡಿ ಸಹಿ ಹಾಕಿದ್ರಿ.”

“ಮೂಲದಲ್ಲಿ ಐದೇ ಇತ್ತು.”

ಅವಳು ಮೂಲ ಪ್ರತಿ ತೋರಿಸಿದಳು. ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಎರಡೂವರೆ.

“ಅಚ್ಚಿಗೆ ಹೋಗೋ ಮುಂಚೆ ಸಿಕ್ತು, ತಿದ್ದಿಬಿಟ್ಟೆ. ತಪ್ಪು ಮೊದಲು ನಂದೇ. ಯಾರಿಗೂ ಹೇಳಲ್ಲ ಅಮ್ಮಾ, ಆಣೆಗೂ.”

ಅವಳಿಗೆ ಬೈದೆ. ಪುಟ ಕಟ್ಟುವಾಗ ಫೋನು ನೋಡುತ್ತೀರಿ, ಪಾಠ ಹೇಳಿಕೊಟ್ಟವರು ಯಾರು, ಹೀಗೆ ಏನೇನೋ. ಅವಳು ಒಂದಕ್ಕೂ ಎದುರು ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮಾರ್ಚ್ ೨೭, ಗುರುವಾರ

ಕೆಲಸ ಮಾಡಿದೆ. ಬಂದೆ.

ಮಾರ್ಚ್ ೨೮, ಶುಕ್ರವಾರ

ಬೆಳಿಗ್ಗೆ ಪ್ರಾರ್ಥನೆಗೆ ಕೂತಿದ್ದೆ. ಎದುರಿಗೆ ಮನೆಯವರು ಚಹಾ ಕುಡಿಯುತ್ತಾ, ಯಾವುದೋ ಬೀಗದ ಹೊಟ್ಟೆ ಬಗೆಯುತ್ತಾ ಕೂತಿದ್ದರು. ಮುಗಿಸಿ ಪುಸ್ತಕ ಮುಚ್ಚಿದೆ.

“ಏನೇ, ಪುಟ ತಿರುಗಿಸಲೇ ಇಲ್ಲ?” ಎಂದರು.

“ಯಾವ ಪುಟ?”

“ಮೊದಲನೇ ಪುಟ ತೆರೆದು ಇಟ್ಕೊಂಡೆ. ಕಾಲು ಗಂಟೆ ಓದಿದೆ. ಅದೇ ಪುಟದಲ್ಲೇ ಮುಚ್ಚಿದೆ.”

“ಬಾಯಿಗೆ ಬರುತ್ತೆ, ಅದಕ್ಕೆ.”

“ಬಂದ್ರೆ ಒಳ್ಳೇದೇ. ಆದ್ರೆ ಕನ್ನಡಕ ಹಾಕ್ಕೊಂಡು, ಸಾಲಿನ ಕೆಳಗೆ ಬೆರಳು ಬೇರೆ ಓಡಿಸ್ತಿದ್ದೆ.”

ನಗುತ್ತಾ ಹೇಳಿದರು, ನೋಯಿಸಬೇಕೆಂದಲ್ಲ. ನಾನು ಪುಸ್ತಕ ಪಕ್ಕಕ್ಕಿಟ್ಟೆ. ಅವರ ಬೀಗದ ಡಬ್ಬಿಯಲ್ಲಿದ್ದ ಸೂಚನೆಯ ಚೀಟಿ ಕೊಡಿ ಎಂದೆ. ಜನ್ಮದಲ್ಲಿ ನಾನು ಓದಿಲ್ಲದ ಚೀಟಿ ಅದು. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದೆ: ಹಾಲಿನ ಕೆನೆಯ ಕೆಳಗೆ ಏನೋ ಓಡಾಡುತ್ತಿದೆ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ: ಕೆನೆ ಸ್ವಲ್ಪ ತೆಳು.

ಹಳ್ಳಿ ಶಾಲೆಯಲ್ಲಿ ಇಡೀ ತರಗತಿಗೆ ಇದ್ದದ್ದು ಮೂರು ಪುಸ್ತಕ. ಹಿಂದಿನ ಸಾಲಿನವರು ಮುಂದಿನವರು ಓದಿದ್ದನ್ನು ಕೇಳಿಯೇ ಒಪ್ಪಿಸಬೇಕಿತ್ತು. ನಾನು ಹಿಂದಿನ ಸಾಲು. ಕೆಮ್ಮಿನ ಔಷಧವನ್ನು ಮೂರೂ ಪರದೆಯ ಮೇಲೆ ಒಪ್ಪಿಸಿದ್ದೇನೆ. ಪಾಪ, ಆ ಅಂಗಡಿಯವರು ಪರದೆಯನ್ನು ಆಫ್ ಮಾಡಿ ಕೊಟ್ಟಿದ್ದರೂ ಗಡಗಡ ಓದುತ್ತಿದ್ದೆ. ಡಾಕ್ಟರಮ್ಮನ ಗೋಡೆಯನ್ನೂ ಒಪ್ಪಿಸಿ ಬಂದೆ, ಅದಕ್ಕೆ ಭೇಷ್ ಎನಿಸಿಕೊಂಡೆ. ಹೋಗಲಿ, ಅವೆಲ್ಲ ನಗುವ ವಿಷಯ.

ಅಕ್ಕ ಹೋದ ಮೇಲೆ ಹದಿನಾಲ್ಕು ಚೀಟಿಗೆ ಸಹಿ ಹಾಕಿದ್ದೇನೆ. ಅದು ನಗುವ ವಿಷಯ ಅಲ್ಲ. ನಿನ್ನ ಹೆಸರು ನೆನೆದು ಹಾಕಿದ್ದೇನೆ, ದೇವರೇ.

ಮಾರ್ಚ್ ೨೯, ಶನಿವಾರ

ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬಾಗಿಲ ಬಳಿ ಮೂರು ಸಲ ಹಿಂದೆ ತಿರುಗಿದ್ದೆ ಎನ್ನುವುದನ್ನೂ ಇಲ್ಲಿ ಬರೆದಿಡುತ್ತೇನೆ, ಧೈರ್ಯವಂತೆ ಎಂದು ನಾಳೆ ನನಗೇ ಭ್ರಮೆ ಬರಬಾರದು.

“ಹದಿನಾಲ್ಕನ್ನೂ ಮತ್ತೆ ಓದಿಸ್ಬೇಕು ಸಾರ್. ಅಲ್ಲಿವರೆಗೂ ಯಾವುದೂ ಹೊರಗೆ ಹೋಗ್ಬಾರ್ದು.”

“ಗೋದಾಮಿನಲ್ಲಿ ಮೂರು ಅಚ್ಚಾಗಿ ಕೂತಿವೆ. ಉಳಿದವು ಅಚ್ಚಿನ ಸರದಿಯಲ್ಲಿವೆ. ಎಲ್ಲ ನಿಲ್ಲಿಸೋದಾ?” ಅವರು ತಲೆಗೆ ಕೈಹಚ್ಚಿಕೊಂಡರು. “ನೀವು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ದೇವರಿಗೆ ಗೊತ್ತಾಗ್ತಿತ್ತು.”

“ದೇವರು ಔಷಧದ ಚೀಟಿ ಓದಲ್ಲಮ್ಮಾ.”

“ಅದಕ್ಕೇ ನಮ್ಮನ್ನ ಇಟ್ಟಿರೋದು ಸಾರ್.”

ಅವರು ಗೋದಾಮಿಗೆ ಫೋನು ಮಾಡಿದರು. ನನಗೆ ಸೋಮವಾರ ಬನ್ನಿ ಎಂದರು. ಎಲ್ಲಿಗೆ ಬರಬೇಕು, ಓದುವ ಕಡೆಗೋ ಮಡಚುವ ಕಡೆಗೋ, ಹೇಳಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ ೨, ಬುಧವಾರ

ಮೂರು ದಿನ ಓದಿಸಿದೆವು. ಮ್ಯಾನೇಜರೇ ಮೂಲ ಪ್ರತಿ ಹಿಡಿದು ಗಟ್ಟಿಯಾಗಿ ಓದಿದರು, ಚುರುಕಿ ನಮ್ಮ ಪ್ರತಿಯ ಮೇಲೆ ಪಟ್ಟಿ ಇಟ್ಟಳು. ನಾನು ನಡುವೆ ಕೈಕಟ್ಟಿ ಕೂತೆ, ಕ್ರಮ ಹೇಳಿಕೊಡಲು.

“ಚುಕ್ಕೆ ಬಿಟ್ರಿ ಸಾರ್.”

“ಚುಕ್ಕೇನೂ ಹೇಳ್ಬೇಕಾ?”

“ಆ ಚುಕ್ಕೇನೇ ಎರಡೂವರೆಗೂ ಇಪ್ಪತ್ತೈದಕ್ಕೂ ನಡುವೆ ಇರೋ ಗೋಡೆ.”

ಆಮೇಲೆ ಅವರು ಒಂದೂ ಬಿಡಲಿಲ್ಲ. ಎರಡನೇ ದಿನಕ್ಕೆ ಗಂಟಲು ಕಟ್ಟಿತು. ಬಿಸಿನೀರು ಕೊಟ್ಟು ಓದಿಸಿದೆವು. ಹನ್ನೆರಡನೇ ಚೀಟಿಯಲ್ಲಿ ಸಿಕ್ಕಿತು. ನೋವಿನ ಮಾತ್ರೆ, ಆರು ಗಂಟೆಗೊಮ್ಮೆ ಎಂದಿರಬೇಕಾದಲ್ಲಿ ನಾಲ್ಕು ಗಂಟೆಗೊಮ್ಮೆ. ಗೋದಾಮಿನಲ್ಲಿ ಕೂತಿದ್ದ ಮೂರರಲ್ಲಿ ಅದೂ ಒಂದು. ಕೆಳಗೆ ನನ್ನ ಸಹಿ, ಚೆನ್ನಾಗಿ ಬಿದ್ದಿದೆ, ಬಾಲ ಸಮೇತ.

ಯಾರೂ ನನ್ನ ಕಡೆ ನೋಡಲಿಲ್ಲ. ಚುರುಕಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡು, ಹದಿಮೂರನೆಯದನ್ನು ತೆಗೆದಳು.

ಏಪ್ರಿಲ್ ೪, ಶುಕ್ರವಾರ

ಡಾಕ್ಟರಮ್ಮನಿಗೆ ಮೊದಲೇ ಹೇಳಿಬಿಟ್ಟೆ, ಗೋಡೆಯದು ಬಾಯಿಪಾಠ ಎಂದು. ಅವರು ನಗು ತಡೆಯಲಾರದೆ ಪೆನ್ನು ಕೆಳಗೆ ಹಾಕಿದರು. ಆಮೇಲೆ ದೀಪ ಹಿಡಿದು ನೋಡಿದರು, ನಗು ನಿಂತಿತು. ಎರಡೂ ಕಣ್ಣಿಗೆ ಪೊರೆ, ಬಲಗಡೆ ಬಲಿತಿದೆ. “ಇದರಲ್ಲಿ ಕೆಲಸ ಹೇಗೆ ಮಾಡ್ತಿದ್ರಮ್ಮಾ?”

“ಮಾಡ್ತಿರ್ಲಿಲ್ಲ ಡಾಕ್ಟ್ರಮ್ಮಾ” ಎಂದೆ.

ಏಪ್ರಿಲ್ ೧೧, ಶುಕ್ರವಾರ

ಬಲಗಣ್ಣಿನ ಆಪರೇಷನ್ ಆಯಿತು. ಬರೆಯಬಾರದಂತೆ. ಬರೆದೆ. ಸಾಕು.

ಏಪ್ರಿಲ್ ೨೬, ಶನಿವಾರ

ಒಂದು ಕಣ್ಣಿಗೆ ಲೋಕ ತೊಳೆದಿಟ್ಟ ಹಾಗಿದೆ. ಮನೆಯವರ ಮೂಗಿನ ಮೇಲೆ ಮಚ್ಚೆಯಿದೆ. ಮೊದಲಿಂದಲೂ ಇತ್ತಂತೆ.

ಇವತ್ತು ನನ್ನ ಮಗಳಂಥ ಚುರುಕಿಯನ್ನು ಕರೆದುಕೊಂಡು ಅಂಗಡಿಗೆ ಹೋದೆ. ಇನ್ನು ಮುಂದೆ ಪ್ರತಿ ಚೀಟಿಯನ್ನೂ ಇಬ್ಬರು ಓದಬೇಕು, ಇಬ್ಬರು ಸಹಿ ಹಾಕಬೇಕು ಎಂದು ಮ್ಯಾನೇಜರು ಕಾಗದ ಹೊರಡಿಸಿದ್ದಾರೆ. ಅವಳು ಪುಟ ಕಟ್ಟುವುದನ್ನು ಬೇರೆಯವರಿಗೆ ಬಿಟ್ಟು ನನ್ನ ಜೊತೆ ಓದಲು ಬಂದಿದ್ದಾಳೆ. ತಾನಾಗಿಯೇ ಕೇಳಿಕೊಂಡಳಂತೆ. ಬುದ್ಧಿ ಕಡಿಮೆ.

ನನ್ನನ್ನು ಕಂಡ ಕೂಡಲೇ ಅಂಗಡಿಯವರು ಯಾವುದೋ ತುರ್ತು ಕೆಲಸ ನೆನೆಸಿಕೊಂಡರು. “ಮೇಡಂ, ನಾಲ್ಕನೇದು ಇಲ್ಲ ನನ್ನತ್ರ.”

“ಎಷ್ಟನೆಯದೋ ನನಗೇನು ಗೊತ್ತು? ನಾನು ಇಲ್ಲಿ ಒಂದನ್ನೂ ನೋಡೇ ಇಲ್ಲ” ಎಂದೆ. ಇವಳು ಪಕ್ಕಕ್ಕೆ ತಿರುಗಿ ನಕ್ಕಳು.

ಪರದೆಗಳ ಮುಂದೆ ಒಂದು ಬೆಂಚು ಹಾಕಿಸಿ ಇಬ್ಬರೂ ಪಕ್ಕ ಪಕ್ಕ ಕೂತೆವು. ಕೆಲವು ಪರದೆ ಎದುರು ಕೂತವರಿಗೆ ಮಾತ್ರ ಚೆನ್ನ. ಪಕ್ಕದಿಂದ ನೋಡಿದರೆ ಬಣ್ಣ ಸತ್ತು, ಅಕ್ಷರ ಬೂದಿಯಾಗುತ್ತದೆ. ತಪ್ಪು ಸಿಕ್ಕಿತು ಎಂದಾಗ ಇಬ್ಬರೂ ನೋಡಬೇಕಲ್ಲ. ನನಗೆ ಒಂದು ಬಹಳ ಹಿಡಿಸಿತ್ತು, ಕಣ್ಣಿಗೆ ಬೆಣ್ಣೆ. ಅವಳ ಕಡೆಯಿಂದ ಮಂಕು. ಬೇಡವೆಂದೆ.

“ನಿಮಗೆ ಹಿತವಾಗಿದ್ರೆ ಅದೇ ತಗೊಳಿ ಅಮ್ಮಾ. ನಾನು ಬಗ್ಗಿ ನೋಡ್ತೀನಿ.”

“ಇಪ್ಪತ್ತೊಂದು ವರ್ಷ ಬಗ್ಗಿ ನೋಡು, ಆಮೇಲೆ ಹೇಳು.”

ಎರಡು ಕಡೆಯಿಂದಲೂ ಒಂದೇ ಸಮ ಕಾಣುವ, ನೋಡಲು ಅಷ್ಟೇನೂ ಚೆಲುವಲ್ಲದ ಒಂದನ್ನು ಆರಿಸಿದೆವು. ಅಂಗಡಿಯವರು ಬಾಗಿಲವರೆಗೂ ಬಂದು ಕಳಿಸಿದರು, ಹೊರಗೆ ಹೋದದ್ದು ಖಚಿತವಾಗಲಿ ಎಂದಿರಬೇಕು.

ಏಪ್ರಿಲ್ ೨೮, ಸೋಮವಾರ

ಹೊಸ ಚೀಟಿ, ಹೊಸ ಔಷಧ. ಯಾವುದೋ ಎದೆಬಡಿತದ ಮಾತ್ರೆ, ಅದರ ಹೆಸರು ಹೇಳಲು ಎರಡು ಸಲ ಉಸಿರು ತೆಗೆದುಕೊಳ್ಳಬೇಕು. ಒಂದು ಸಾಲೂ ನನಗೆ ಗೊತ್ತಿಲ್ಲ. ಎಂಥ ಆರಾಮ!

ಅವಳು ಮೂಲ ಓದಿದಳು, ನಾನು ಪರದೆಯ ಮೇಲೆ ಹಿಂಬಾಲಿಸಿದೆ. ನಾಲ್ಕು ಕಡೆ “ನಿಲ್ಲು, ಕಾಣಿಸ್ಲಿಲ್ಲ” ಎಂದೆ. ನಾಲ್ಕು ಕಡೆಯೂ ಅವಳು ನಿಂತಳು, ಅಕ್ಷರ ದೊಡ್ಡದು ಮಾಡಿದಳು, ಮುಂದೆ ಹೋದಳು. ಇಷ್ಟೇ ಆಗಿತ್ತು ಕೆಲಸ. ಕ್ರಮ ಏನೂ ಕೆಡಲಿಲ್ಲ.

ಮುಗಿದ ಮೇಲೆ ಅವಳು ಸಹಿ ಹಾಕಿ ಪೆನ್ನು ನನ್ನ ಕೈಗೆ ಕೊಟ್ಟಳು. ನಾನು ಪೆನ್ನು ಹಿಡಿದುಕೊಂಡೇ ಕೂತೆ.

“ಏನಮ್ಮಾ?”

“ಇನ್ನೊಂದು ಸಲ ಓದೋಣ.”

“ಊಟದ ಹೊತ್ತಾಯ್ತು!”

“ಊಟ ಎಲ್ಲಿಗೆ ಓಡಿ ಹೋಗುತ್ತೆ? ಈ ಸಲ ಮೂಲ ನನಗೆ ಕೊಡು, ನೀನು ಪರದೆ ನೋಡು.”

ಅವಳು ಗೊಣಗುತ್ತಾ ಜಾಗ ಬದಲಾಯಿಸಿದಳು. ನಾನು ಮೊದಲ ಸಾಲಿನಿಂದ ಶುರು ಮಾಡಿದೆ, ಚುಕ್ಕೆ, ಗೆರೆ ಸಮೇತ, ನಿಧಾನವಾಗಿ, ಅರಿಯದ ಊರಿನಲ್ಲಿ ಮನೆಯ ನಂಬರು ಹುಡುಕುವವರ ಹಾಗೆ. ತಪ್ಪು ಒಂದೂ ಇರಲಿಲ್ಲ. ಅವಳ ಹೆಸರಿನ ಕೆಳಗೆ ನನ್ನದು ಹಾಕಿದೆ.

ಊಟ ಆರಿಹೋಗಿತ್ತು. ಇಬ್ಬರೂ ಉಂಡೆವು.